ಬ್ರಿಟನ್ನಿನಲ್ಲಿ ತೋಟಾ ಸಲೀಸು, ಕೋವಿ ಕಷ್ಟ

ಎಲ್ಲರಿಗೂ ನಮಸ್ಕಾರ. ಕೋವಿ ಅಂದ ಕೂಡಲೇ ಮಡಿಕೇರಿ, ಮೂಡಿಗೆರೆ ಕಡೆಯವರು ಸ್ವಲ್ಪ ನೆಟ್ಟಗೆ ಕೂತಿರಿ. ಉಳಿದವರು ಗಾಬರಿಯಾಗಬೇಡಿ, ಬೇಟೆಯ ಕಥೆ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಭಾನುವಾರ ಬಂತೆಂದರೆ ಜೋಡಿ ನಳಿಗೆ ಕೋವಿ ಹಿಡಿದು ಗಾಳಿಯಲ್ಲಿ ಹಾರುವ ಬಿಲ್ಲೆ ಒಡೆಯಲು ಹೊರಡುವ ಜನ ಇದ್ದಾರಲ್ಲ, ಅವರ ಆಟ, ತೋಟಾ, ಲೈಸೆನ್ಸು, ಇಷ್ಟೇ ಇವತ್ತಿನ ಮಾತು.

ಒಂದು ವಿಚಿತ್ರದಿಂದ ಶುರು ಮಾಡೋಣ. ಅಲ್ಲಿ ದೊಡ್ಡವರು ಮಾಮೂಲಿ ಚರೆ ತೋಟಾ (ಒಳಗೆ ಸಣ್ಣ ಸಣ್ಣ ಗುಂಡು ತುಂಬಿದ್ದು) ಮನೆಯಲ್ಲಿ ಇಟ್ಟುಕೊಳ್ಳಲು ಯಾವ ಸರ್ಟಿಫಿಕೇಟೂ ಬೇಡ. ತೋಟಾದೊಳಗೆ ಕನಿಷ್ಠ 5 ಚರೆ ಇರಬೇಕು, ಒಂದೊಂದರ ಅಡ್ಡಳತೆ 0.36 ಇಂಚು ದಾಟಬಾರದು, ಅಷ್ಟೇ. ಆದರೆ ಅಂಗಡಿಗೆ ಹೋಗಿ ಕೊಳ್ಳಬೇಕಾದರೆ ಸರ್ಟಿಫಿಕೇಟ್ ತೋರಿಸಲೇಬೇಕು. ತೋರಿಸಿದ ಮೇಲೆ ಎಷ್ಟು ಡಬ್ಬಿ ಕೊಂಡಿರಿ ಅಂತ ಅದರಲ್ಲಿ ಬರೆಯುವುದೂ ಇಲ್ಲ. ರೈಫಲ್ ಗುಂಡಿಗೆ ಮಾತ್ರ ಲೆಕ್ಕ ಪಕ್ಕಾ: ಎಷ್ಟು ಇಟ್ಟುಕೊಳ್ಳಬಹುದು, ಎಷ್ಟು ಕೊಂಡಿರಿ, ಎಲ್ಲ ಬರಹದಲ್ಲಿರುತ್ತದೆ.

ಯಾಕೆ ಹೀಗೆ? ಹಳ್ಳಿಯಲ್ಲಿ ಶಾಟ್‌ಗನ್, ಅಂದರೆ ಚರೆ ತೋಟಾ ಹಾಕುವ ಈ ಕೋವಿ, ಅನ್ನುವುದು ಬಹಳ ಕಾಲ ಗುದ್ದಲಿ, ಹಾರೆಯ ಹಾಗೆ ರೈತನ ಸಾಮಾನಾಗಿತ್ತು. ಕಾಗೆ, ಮೊಲ, ಕಾಡು ಪಾರಿವಾಳ ಬೆಳೆಗೆ ಬಿದ್ದರೆ ಕೈಗೆ ಸಿಗಬೇಕಾದ ಸಾಮಾನು. ಅದಕ್ಕೆ ಪೊಲೀಸರ ಸರ್ಟಿಫಿಕೇಟ್ ಬೇಕು ಅಂತ ಆದದ್ದೇ 1967ರ ಕಾನೂನಿನಿಂದ. ಈಗ ನಡೆಯುತ್ತಿರುವುದು 1968ರ ಫೈರ್‌ಆರ್ಮ್ಸ್ ಆಕ್ಟ್. ಅದರ ಪ್ರಕಾರ ನಳಿಗೆಯ ಒಳಮೈ ನುಣುಪಾಗಿರಬೇಕು, ಉದ್ದ 24 ಇಂಚಿಗಿಂತ ಕಡಿಮೆ ಇರಬಾರದು, ಮ್ಯಾಗಜೀನ್ (ತೋಟಾ ತುಂಬಿಡುವ ಗೂಡು) ಇದ್ದರೆ ಕಳಚಲು ಬಾರದಂತಿರಬೇಕು ಮತ್ತು 2 ತೋಟಾಕ್ಕಿಂತ ಜಾಸ್ತಿ ಹಿಡಿಯಬಾರದು. ಇಷ್ಟಿದ್ದರೆ ಅದು ಶಾಟ್‌ಗನ್. ಒಂದು ಸರ್ಟಿಫಿಕೇಟಿನಲ್ಲಿ ಎಷ್ಟು ಕೋವಿಯನ್ನಾದರೂ ಇಟ್ಟುಕೊಳ್ಳಬಹುದು, ಬೀಗದ ಕಪಾಟಿನಲ್ಲಿ ಜಾಗ ಇದ್ದರೆ ಸರಿ. ರೈಫಲ್ಲಿನವರಿಗೆ ಈ ಭಾಗ್ಯ ಇಲ್ಲ, ಒಂದೊಂದು ಬಂದೂಕಿಗೂ ಬೇರೆ ಬೇರೆ ಕಾರಣ ಕೊಡಬೇಕು.

ಹಾಗಂತ ಸರ್ಟಿಫಿಕೇಟ್ ಸುಮ್ನೆ ಸಿಗುತ್ತದೆ ಅಂದುಕೊಳ್ಳಬೇಡಿ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗಲ್ಲ, ಸ್ಥಳೀಯ ಪೊಲೀಸ್ ಪಡೆಗೆ. ಅವರು ಹಳೆ ಕೇಸು ನೋಡುತ್ತಾರೆ, ಖಿನ್ನತೆ, ಕುಡಿತ ಏನಾದರೂ ಇದೆಯೇ ಅಂತ ನಿಮ್ಮ ಡಾಕ್ಟರಿಂದ ಬರಹದಲ್ಲಿ ತರಿಸುತ್ತಾರೆ, ಅಧಿಕಾರಿಯೊಬ್ಬರು ಮನೆಗೇ ಬಂದು ಕೂತು ಮಾತಾಡಿಸುತ್ತಾರೆ, ಕಪಾಟು ಗೋಡೆಗೆ ಬೋಲ್ಟ್ ಆಗಿದೆಯೇ ಅಂತ ನೋಡುತ್ತಾರೆ. ಆ ಕಪಾಟಿನ ಕೀ ಎಲ್ಲಿದೆ ಅಂತ ಹೆಂಡತಿಗೂ ಗೊತ್ತಿರಬಾರದು, ಅವಳ ಹತ್ತಿರ ಬೇರೆ ಸರ್ಟಿಫಿಕೇಟ್ ಇಲ್ಲದಿದ್ದರೆ! (ನಮ್ಮಲ್ಲಿ ಬೀರು ಕೀ ಯಾರ ಸೊಂಟದಲ್ಲಿರುತ್ತದೆ ಅಂತ ನಿಮಗೇ ಗೊತ್ತು.) 5 ವರ್ಷಕ್ಕೊಮ್ಮೆ ನವೀಕರಣ. ಹೊಸದಕ್ಕೆ 79.50 ಪೌಂಡ್ ಇದ್ದ ಶುಲ್ಕ 2025ರ ಫೆಬ್ರವರಿಯಲ್ಲಿ ಒಂದೇ ಏಟಿಗೆ 194 ಪೌಂಡ್ ಆಯಿತು. ಬೈದವರು ಕಡಿಮೆಯಿಲ್ಲ.

ಇಲ್ಲಿ ಕೊಡಗಿನ ಮಾತು ಬರಲೇಬೇಕು. 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟವರು ಇದೇ ಬ್ರಿಟಿಷರು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಆ ವಿನಾಯಿತಿ ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಇಲ್ಲಿ ಕುಲ ನೋಡಿ, ಭೂಮಿ ನೋಡಿ ಬಿಟ್ಟರು. ತಮ್ಮ ಊರಿನಲ್ಲಿ ಮಾತ್ರ ಒಬ್ಬೊಬ್ಬ ಮನುಷ್ಯನನ್ನೂ ಕೂರಿಸಿ ವಿಚಾರಿಸುವ ಪದ್ಧತಿಗೆ ಬಂದು ನಿಂತರು.

ಅದೂ ಒಂದೇ ದಿನ ಬಂದದ್ದಲ್ಲ. 1987ರಲ್ಲಿ ಹಂಗರ್‌ಫರ್ಡ್ ಊರಿನಲ್ಲಿ ಒಬ್ಬ 16 ಜನರನ್ನು ಕೊಂದ. ಅವನು ಬಳಸಿದ್ದು ರೈಫಲ್ ಮತ್ತು ಪಿಸ್ತೂಲು. ಆದರೂ 1988ರ ಕಾನೂನು ಶಾಟ್‌ಗನ್ನಿನವರ ಮೇಲೂ ಬಂತು: ಕೋವಿ ಭದ್ರವಾಗಿಡಬೇಕು, ತೋಟಾ ಕೊಳ್ಳಲು ಸರ್ಟಿಫಿಕೇಟ್ ತೋರಿಸಬೇಕು ಅನ್ನುವುದೆಲ್ಲ ಆಗ ಬಂದದ್ದು. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಟೀಚರ್ ಪಿಸ್ತೂಲಿನ ಗುಂಡಿಗೆ ಸತ್ತರು. ಅದಾದ ಮೇಲೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಜನ ಪಿಸ್ತೂಲು ಇಟ್ಟುಕೊಳ್ಳುವುದೇ ಹೆಚ್ಚುಕಮ್ಮಿ ನಿಂತುಹೋಯಿತು. 2021ರ ಆಗಸ್ಟಿನಲ್ಲಿ ಪ್ಲಿಮತ್‌ನಲ್ಲಿ ಒಬ್ಬ 5 ಜನರನ್ನು ಶಾಟ್‌ಗನ್ನಿನಿಂದಲೇ ಕೊಂದ. ಹೊಡೆದಾಟದ ದೂರಿನ ಮೇಲೆ ಅವನ ಕೋವಿಯನ್ನು ಪೊಲೀಸರು ಹಿಂದಿನ ವರ್ಷವೇ ಕಸಿದುಕೊಂಡಿದ್ದರು. ಜುಲೈನಲ್ಲಿ ವಾಪಸ್ ಕೊಟ್ಟಿದ್ದರು. ಡಾಕ್ಟರ್ ಪತ್ರ ಕಡ್ಡಾಯವಾದದ್ದು ಅದಾದ ಮೇಲೆ. ನನ್ನ ಅಭಿಪ್ರಾಯ ಕೇಳಿದರೆ, ರೈತನ ಸಾಮಾನು ಅನ್ನುವ ಹಳೆಯ ಸಲಿಗೆಯನ್ನು ಇನ್ನೂ ಉಳಿಸಿಕೊಂಡಿರುವುದಕ್ಕೆ ಈಗ ಸರಿಯಾದ ಕಾರಣ ಯಾರೂ ಕೊಡುತ್ತಿಲ್ಲ. ಶುಲ್ಕ ಏರಿಸುವುದಕ್ಕಿಂತ ವಿಚಾರಣೆಗೆ ಬರುವ ಅಧಿಕಾರಿಗಳಿಗೆ ಒಳ್ಳೆ ತರಬೇತಿ ಕೊಡುವುದು ಮುಖ್ಯ.

ಆಟಕ್ಕೆ ಬರೋಣ. ಹಾರುವ ಬಿಲ್ಲೆಗೆ ಕ್ಲೇ (ಜೇಡಿಮಣ್ಣು) ಅನ್ನುತ್ತಾರೆ, ಆದರೆ ಅದರಲ್ಲಿ ಈಗ ಜೇಡಿಮಣ್ಣಿಲ್ಲ. ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿ ಕಲಸಿ ಅಚ್ಚು ಹಾಕಿದ 110 ಮಿಲಿಮೀಟರ್ ಬಿಲ್ಲೆ. ಮೊದಲು ಜೀವಂತ ಪಾರಿವಾಳಗಳನ್ನೇ ಪೆಟ್ಟಿಗೆಯಿಂದ ಹಾರಿಬಿಟ್ಟು ಹೊಡೆಯುತ್ತಿದ್ದರು. ಬ್ರಿಟನ್ನಿನಲ್ಲಿ ಅದು 1921ರ ಕಾನೂನಿನಿಂದ ನಿಂತಿತು. ಆದರೆ ಬಿಲ್ಲೆಗೆ ಇವತ್ತಿಗೂ ಹಕ್ಕಿ ಅಂತಲೇ ಕರೆಯುತ್ತಾರೆ, ಒಡೆದರೆ ‘ಕಿಲ್’. ನೀವು ‘ಪುಲ್’ ಅಂತ ಕೂಗಿದ ಕೂಡಲೇ ಯಂತ್ರ ಅದನ್ನು ಚಿಮ್ಮಿಸುತ್ತದೆ. ಬಿಲ್ಲೆಯನ್ನೇ ನೋಡಿ ಈಡು ಹಾರಿಸಿದರೆ ಚರೆ ಹಿಂದೆ ಬೀಳುತ್ತದೆ. ಅದು ಹೋಗುವ ಕಡೆ ಎಷ್ಟು ಮುಂದಕ್ಕೆ ಗುರಿ ಇಡಬೇಕು ಅನ್ನುವುದೇ ಈ ಆಟದ ಕಷ್ಟವೆಲ್ಲ.

2004ರ ಅಥೆನ್ಸ್ ಒಲಿಂಪಿಕ್ಸ್ ನೆನಪಿದೆಯಾ? ಒಂದೇ ಸಲ ಎರಡು ಬಿಲ್ಲೆ ಚಿಮ್ಮಿಸುವ ಡಬಲ್ ಟ್ರ್ಯಾಪ್‌ನಲ್ಲಿ ನಮ್ಮ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದರು. ಅವತ್ತು ಚಿನ್ನ ಗೆದ್ದ ಯುಎಇಯ ಅಹ್ಮದ್ ಅಲ್ ಮಕ್ತೂಮ್ ಮುಂದೆ ಬ್ರಿಟನ್ನಿನ ಪೀಟರ್ ವಿಲ್ಸನ್‌ಗೆ ಕೋಚ್ ಆದರು. 2012ರ ಲಂಡನ್ನಿನಲ್ಲಿ ವಿಲ್ಸನ್ ಚಿನ್ನ ಹೊಡೆದರು. ಇಷ್ಟೆಲ್ಲ ಇದ್ದೂ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಶೂಟಿಂಗನ್ನೇ ಕೈಬಿಟ್ಟರು. ಭಾರತ ಬಹಿಷ್ಕಾರದ ಮಾತಾಡಿದ್ದೂ ಅದಕ್ಕೇ.

ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದಾಗ ಒಮ್ಮೆ ನೋಡೋಣ ಅನ್ನಿಸಿದರೆ ಸರ್ಟಿಫಿಕೇಟ್ ಬೇಕಿಲ್ಲ. ಕೃತಕ ಗುರಿಗೆ ಹೊಡೆಯಲು ಪೊಲೀಸರು ಒಪ್ಪಿದ ಜಾಗ, ಒಪ್ಪಿದ ಹೊತ್ತು ಆಗಿದ್ದರೆ ಅಲ್ಲಿ ಕೋವಿ ಇಸಕೊಂಡು ಹೊಡೆಯಬಹುದು. ಈಡು ಹಾರಿಸುವಾಗ ಬಿಟ್ಟು ಉಳಿದ ಹೊತ್ತೆಲ್ಲ ಕೋವಿ ಬಗ್ಗಿಸಿ ತೆರೆದೇ ಇರಬೇಕು, ನಳಿಗೆ ಖಾಲಿ ಅಂತ ಎಲ್ಲರಿಗೂ ಕಾಣಬೇಕು. ಮುಚ್ಚಿದ ಕೋವಿ ಹಿಡಿದು ಓಡಾಡಿದರೆ ಮನೆಗೆ ಕಳಿಸುತ್ತಾರೆ.

ತೋಟಾ ಬಗ್ಗೆ ಕೇಳಿದರೆ 12 ಬೋರ್ (ನಳಿಗೆಯ ಅಳತೆ), 28 ಗ್ರಾಂ (ಚರೆಯ ತೂಕ), ಏಳೂವರೆ ನಂಬರ್ (ಚರೆಯ ಗಾತ್ರ) ಅನ್ನಿ, ಒಳಗೆ ಸುಮಾರು 400 ಚರೆ ಇರುತ್ತದೆ. ಭುಜ ನೋಯುತ್ತದೆ ಅನ್ನುವವರಿಗೆ 21 ಗ್ರಾಂದೂ ಸಿಗುತ್ತದೆ. ಮದ್ದಿಗೂ ಚರೆಗೂ ನಡುವಿನ ವ್ಯಾಡ್ ಪ್ಲಾಸ್ಟಿಕ್ಕೋ ಫೈಬರೋ ಅಂತ ಮೊದಲೇ ಕೇಳಿಕೊಳ್ಳಿ. ಕುರಿ ಮೇಯುವ ಜಾಗದಲ್ಲಿ ಪ್ಲಾಸ್ಟಿಕ್ ಬೀಳಬಾರದು ಅಂತ ಬಹಳ ಕಡೆ ಫೈಬರ್ ಮಾತ್ರ ಬಿಡುತ್ತಾರೆ.

ಈಗ ದೊಡ್ಡ ತಲೆನೋವು ಸೀಸದ್ದು. ಸೀಸದ ಚರೆಯನ್ನು ನಿಲ್ಲಿಸುತ್ತೇವೆ, ಬದಲಾಯಿಸಿಕೊಳ್ಳಲು 3 ವರ್ಷ ಕೊಡುತ್ತೇವೆ ಅಂತ ಸರ್ಕಾರ 2025ರ ಜುಲೈನಲ್ಲಿ ಹೇಳಿದೆ. ಬದಲಿಗೆ ಇರುವುದು ಉಕ್ಕು. ಅದು ಸೀಸಕ್ಕಿಂತ ಹಗುರ, ಹಾಗಾಗಿ ಸ್ವಲ್ಪ ದಪ್ಪ ಚರೆ ಬೇಕು. ಗಟ್ಟಿಯೂ ಜಾಸ್ತಿ, ಹಾಗಾಗಿ ಅಜ್ಜನ ಕಾಲದ ತೆಳು ನಳಿಗೆಗೆ ಆಗಿಬರುವುದಿಲ್ಲ. ಅಂಥ ಕೋವಿ ಇರುವವರು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ (ಕೋವಿ ಪರೀಕ್ಷಿಸಿ ಮುದ್ರೆ ಒತ್ತುವ ಜಾಗ) ಮುದ್ರೆ ಏನಿದೆ ಅಂತ ಗನ್‌ಸ್ಮಿತ್ ಹತ್ತಿರ ನೋಡಿಸಬೇಕು, ಇಲ್ಲವೇ ಬಿಸ್ಮತ್ ಅನ್ನುವ ಲೋಹದ ಚರೆಯ ತೋಟಾ ಕೊಳ್ಳಬೇಕು. ಅದರ ಬೆಲೆಯಲ್ಲಿ ಭಾನುವಾರಕ್ಕೆ ನೂರು ಬಿಲ್ಲೆ ಹೊಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ.