ಕಾಮಿಕ್ಸ್: ಹಾಳೆಯ ಓದು, ಪರದೆಯ ಓದು

ಕೇಳುಗರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತು. ಮೇ ತಿಂಗಳ ಬಿಸಿಲಿಗೆ ನಮ್ಮ ಕಲಬುರಗಿ ಮಕ್ಕಳು ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಮನೆಯಲ್ಲೇ ಕೂತು ಕಾಮಿಕ್ಸ್ ಓದುತ್ತಾರೆ. ಈಗ ಹೆಚ್ಚಾಗಿ ಫೋನಿನಲ್ಲಿ. ಓದಲಿ, ಸಂತೋಷ. ಆದರೆ ಹಾಳೆಯ ಮೇಲಿನ ಕಾಮಿಕ್ಸ್ ಬೇರೆ, ಪರದೆಯ ಮೇಲಿನದು ಬೇರೆ.

ಪುಸ್ತಕ ತೆರೆದಾಗ ಕಣ್ಣು ಮೊದಲು ಎರಡೂ ಪುಟಗಳನ್ನು ಒಟ್ಟಿಗೆ ನೋಡಿಬಿಡುತ್ತದೆ. ಆಮೇಲೆ ಒಂದೊಂದೇ ಚೌಕಕ್ಕೆ ಬರುತ್ತದೆ. ಚಿತ್ರ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಗುಟ್ಟು ಬಯಲಾಗುವ ಚಿತ್ರವನ್ನು ಎಡಗಡೆ ಪುಟದಲ್ಲಿ ಇಡುತ್ತಾರೆ. ಹಾಳೆ ತಿರುವಿದರೆ ಮಾತ್ರ ಅದು ಕಾಣುತ್ತದೆ. ಬಲಗಡೆ ಇಟ್ಟರೆ ಮಕ್ಕಳು ಮೊದಲೇ ನೋಡಿಬಿಡುತ್ತಾರೆ, ಅಲ್ವಾ?

ಅದೇ ಪುಟ ಫೋನಿಗೆ ಬಂದರೆ? ಪುಟ ಪೂರ್ತಿ ಕಂಡರೆ ಅಕ್ಷರ ಕಾಣುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಪುಟ ಕೈತಪ್ಪುತ್ತದೆ. ಕನ್ನಡಕ್ಕಂತೂ ಈ ತೊಂದರೆ ಇನ್ನೂ ಜಾಸ್ತಿ. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಪಾತ್ರಗಳ ಮಾತು ಬರೆಯುವ ಗುಳ್ಳೆ ಇರುತ್ತದಲ್ಲ, ಇಂಗ್ಲಿಷಿಗೆ ಅಂತ ಬರೆದ ಆ ಗುಳ್ಳೆಯಲ್ಲಿ ಕನ್ನಡ ಕೂರಿಸುವಾಗ ಅಕ್ಷರವನ್ನು ಕುಗ್ಗಿಸಬೇಕಾಗುತ್ತದೆ. ಅಂಥ ಪುಟವನ್ನು ಸ್ಕ್ಯಾನ್ ಮಾಡಿ ಫೋನಿಗೆ ಹಾಕಿದರೆ ಒತ್ತುಗಳೇ ಮಸುಕಾಗುತ್ತವೆ. ಈಗಷ್ಟೇ ಓದು ಕಲಿತ ಮಗು ಅಲ್ಲೇ ಸೋತು ಕೈಬಿಡುತ್ತದೆ.

ಬಣ್ಣವೂ ಬದಲಾಗುತ್ತದೆ. ಅಚ್ಚಿನಲ್ಲಿ ನಾಲ್ಕು ಶಾಯಿ: ನೀಲಿ, ಗುಲಾಬಿ, ಹಳದಿ, ಕಪ್ಪು. ಪರದೆಯಲ್ಲಿರುವುದು ಕೆಂಪು, ಹಸಿರು, ನೀಲಿ ಬೆಳಕು. ಅಗ್ಗದ ಹಾಳೆಗೆಂದು ಆರಿಸಿದ ಹಳೆಯ ಬಣ್ಣಗಳು ಪರದೆಯಲ್ಲಿ ಕಣ್ಣಿಗೆ ಹೊಡೆಯುತ್ತವೆ.

ಹಾಗಂತ ಪರದೆಯನ್ನು ಸುಮ್ನೆ ಬೈಯುವುದು ನ್ಯಾಯವಲ್ಲ. ಎರಡು ಚೌಕಗಳ ನಡುವಿನ ಖಾಲಿ ಸಂದಿಯಲ್ಲಿ ಏನು ನಡೆಯಿತು ಅಂತ ಓದುಗರೇ ಊಹಿಸಿಕೊಳ್ಳುತ್ತಾರೆ. ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ ಇದನ್ನು 1993ರಲ್ಲೇ ಬಿಡಿಸಿ ಹೇಳಿದ್ದರು. ಕಂಪ್ಯೂಟರಿನಲ್ಲಿ ಪುಟದ ಅಂಚೇ ಬೇಕಿಲ್ಲ, ಕಥೆ ಎಷ್ಟು ಬೇಕಾದರೂ ಹರಡಬಹುದು ಎಂದು 2000ದಲ್ಲಿ ಬರೆದರು. ದಕ್ಷಿಣ ಕೊರಿಯಾದವರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಅಲ್ಲಿ 2003, 2004ರ ಹೊತ್ತಿಗೆ ದೊಡ್ಡ ಜಾಲತಾಣಗಳಲ್ಲಿ ವೆಬ್‌ಟೂನ್ ಅನ್ನುವ ಪರದೆಯ ಕಾಮಿಕ್ಸ್ ಶುರುವಾಯಿತು. ಅದರಲ್ಲಿ ಕಥೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಚೌಕಗಳ ನಡುವೆ ಉದ್ದಕ್ಕೆ ಖಾಲಿ ಬಿಟ್ಟರೆ ಹೊತ್ತು ಕಳೆದ ಹಾಗೆ. ಒಬ್ಬ ಬಾವಿಗೆ ಬೀಳುವುದನ್ನು ತೋರಿಸಬೇಕೇ? ಬೆರಳು ಜಾರಿದಷ್ಟೂ ಅವನು ಬೀಳುತ್ತಲೇ ಇರುತ್ತಾನೆ. ಅಚ್ಚಿನ ಪುಟಕ್ಕೆ ಇದು ಎಂದೂ ಆಗದು.

ಹಾಗಾಗಿ ಹಾಳೆಗೆ ಬರೆದದ್ದನ್ನು ಹಾಳೆಯಲ್ಲೇ ಮಕ್ಕಳಿಗೆ ಕೊಡಿ. ಸೇಡಂ, ಚಿಂಚೋಳಿ, ಆಳಂದದ ಕಡೆಯ ಪೋಷಕರೇ, ನಿಮ್ಮ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಕಾಮಿಕ್ಸ್ ಪುಸ್ತಕ ತರಿಸಿ ಅಂತ ಕೇಳಿ. ಒಂದೇ ಪುಸ್ತಕಕ್ಕೆ ಮೂವರು ಮಕ್ಕಳು ತಲೆ ತೂರಿಸಿ ಓದುತ್ತಾರೆ, ನೀನು ಬೇಗ ತಿರುವಿದೆ ಅಂತ ಜಗಳವಾಡುತ್ತಾರೆ. ಆ ಜಗಳವೂ ಓದೇ. ಫೋನೇ ಗತಿ ಅಂದಾಗ ಮೊದಲು ಇಡೀ ಪುಟ ತೋರಿಸಿ, ಆಮೇಲೆ ಹಿಗ್ಗಿಸಿ.

ಚಿತ್ರ ಬರೆಯುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಫೋನಿಗೆಂದೇ ಉದ್ದನೆಯ ಕಥೆ ಬರೆಯಿರಿ. ಗುಳ್ಳೆಯನ್ನು ಕನ್ನಡದ ಅಳತೆಗೇ ಬರೆಯಿರಿ, ಒತ್ತಕ್ಷರಕ್ಕೆ ಜಾಗ ಬಿಡಿ. ಅದರೊಳಗೆ ನಮ್ಮ ಕಡೆಯ ಮಾತೇ ಇರಲಿ, 'ಎಲ್ಲಿಗಿ ಹೊಂಟೀಯೋ' ಅಂತಲೇ ಇರಲಿ.

ನಮಸ್ಕಾರ.