ಕತ್ತರಿ ಯಾರ ಕೈಯಲ್ಲಿತ್ತು?

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಎರಡು ಮಹಾಯುದ್ಧಗಳ ನಡುವಿನ ಫ್ಯಾಷನ್’ ಅಂತ ಅಚ್ಚಾಗಿದೆ. ಅದನ್ನು ನೋಡಿ ಹಿರಿಯ ಮಿತ್ರರೊಬ್ಬರು ಫೋನ್ ಮಾಡಿ, “ಇಷ್ಟು ದಿನ ಕಾನೂನು, ಸಂವಿಧಾನ ಅಂತಿದ್ರಿ, ಈಗ ಬ್ಯೂಟಿ ಪಾರ್ಲರ್‌ಗೆ ಬಂದ್ರಾ?” ಅಂದರು. ಅವರಿಗೂ ನಿಮಗೂ ನನ್ನ ಉತ್ತರ ಒಂದೇ. ಹೆಂಗಸರು ಕೂದಲು ಕತ್ತರಿಸಿಕೊಂಡರು ಅಂತ ಒಂದು ದೇಶದ ಪಾದ್ರಿ, ವೈದ್ಯ, ಸಂಪಾದಕ, ರಾಜಕಾರಣಿ ಎಲ್ಲರೂ ಬೊಬ್ಬೆ ಹಾಕಿದ್ದರೆ, ಅದು ಬರೀ ಕೂದಲಿನ ವಿಷಯ ಆಗಿರಲಿಕ್ಕಿಲ್ಲ.

ದೇಶ ಫ್ರಾನ್ಸ್. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಹದಿನಾಲ್ಕು ಲಕ್ಷದಷ್ಟು ಗಂಡಸರು ಸತ್ತರು. ಅವರು ಕಂದಕದಲ್ಲಿದ್ದಾಗ ಮದ್ದುಗುಂಡಿನ ಕಾರ್ಖಾನೆ ನಡೆಸಿದವರು, ಟ್ರಾಮಿನಲ್ಲಿ ಟಿಕೆಟ್ ಹರಿದವರು ಹೆಂಗಸರು. ಯುದ್ಧ ಮುಗಿಯಿತು, ಇನ್ನು ಮನೆಗೆ ಹೋಗಿ ಮಕ್ಕಳನ್ನು ಹೆರಿ ಅಂದಿತು ಸರ್ಕಾರ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. 1920ರಲ್ಲಿ ತಾಯಂದಿರಿಗೆ ಪದಕ ಕೊಡುವ ಯೋಜನೆಯೇ ಬಂತು: ಐದು ಮಕ್ಕಳಿಗೆ ಕಂಚು, ಎಂಟಕ್ಕೆ ಬೆಳ್ಳಿ, ಹತ್ತಕ್ಕೆ ಚಿನ್ನ. ನಮ್ಮ ‘ಅಷ್ಟಪುತ್ರ ಸೌಭಾಗ್ಯವತೀ ಭವ’ ಅಲ್ಲಿ ಬೆಳ್ಳಿಗಷ್ಟೇ ಸಾಕಾಗುತ್ತಿತ್ತು! (ನಗಬೇಡಿ, ಅದೇ ವರ್ಷ ಗರ್ಭನಿರೋಧದ ಪ್ರಚಾರವನ್ನೇ ಅಪರಾಧ ಮಾಡುವ ಕಾನೂನೂ ಬಂತು.)

ಇಂಥ ಹೊತ್ತಿನಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಕಂಡವಳು ಹೇಗಿದ್ದಳು? ಕತ್ತಿನ ಹಿಂಭಾಗ ಕಾಣುವಂತೆ ಕತ್ತರಿಸಿದ ಕೂದಲು. ಹುಬ್ಬಿನವರೆಗೆ ಇಳಿದ ಗಂಟೆಯಾಕಾರದ ಕ್ಲೋಶ್ ಟೋಪಿ. ತುರುಬು ಇದ್ದವಳ ತಲೆಗೆ ಅದು ಕೂರುವುದೇ ಇಲ್ಲ. ಸೊಂಟ ಎಲ್ಲಿದೆ ಅಂತ ಗೊತ್ತಾಗದ ನೆಟ್ಟಗಿನ ಉಡುಪು, ಬೆಲ್ಟು ತೊಡೆಯ ಹತ್ತಿರ. ಬಟ್ಟೆ ಜರ್ಸಿ. ಅಲ್ಲಿಯವರೆಗೆ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಆ ಬಟ್ಟೆಯನ್ನು ಕೊಕೊ ಶನೆಲ್ ಶ್ರೀಮಂತರ ಹೆಂಡಿರ ಮೈಮೇಲೆ ಹಾಕಿ ದುಡ್ಡು ಮಾಡಿದಳು. ವ್ಯಾಪಾರಸ್ಥೆ ಅಂದರೆ ಹಾಗಿರಬೇಕು.

1922ರಲ್ಲಿ ವಿಕ್ಟರ್ ಮಾರ್ಗರಿತ್ ‘ಲಾ ಗಾರ್ಸೋನ್’ ಅನ್ನುವ ಕಾದಂಬರಿ ಬರೆದ. ನಿಶ್ಚಯವಾದ ಗಂಡಿನ ಮೋಸ ಗೊತ್ತಾಗಿ ಮನೆ ಬಿಟ್ಟ ಹುಡುಗಿ, ಕೂದಲು ಕತ್ತರಿಸಿಕೊಂಡು, ಸ್ವಂತ ಅಂಗಡಿ ಇಟ್ಟು, ತನಗೆ ಬೇಕಾದವರ ಜೊತೆ ಬದುಕುತ್ತಾಳೆ. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಲೇಖಕನಿಗೆ ಕೊಟ್ಟಿದ್ದ ಲೀಜನ್ ಆಫ್ ಆನರ್ ಗೌರವವನ್ನು ಕಿತ್ತುಕೊಂಡರು. ಮಜಾ ಏನೆಂದರೆ, ಕೊನೆಯಲ್ಲಿ ಆ ಹುಡುಗಿ ಒಳ್ಳೆಯವನೊಬ್ಬನನ್ನು ಮದುವೆಯಾಗುತ್ತಾಳೆ. ಬಯ್ದವರು ಕೊನೆಯ ಪುಟದವರೆಗೆ ಓದಿರಲಿಲ್ಲವೋ ಏನೋ. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಮೇಲ್ಮನೆ ಸೆನೆಟ್ಟು ಹೆಂಗಸರಿಗೆ ಮತದಾನದ ಹಕ್ಕು ಬೇಡ ಅಂದಿತು. ನಮ್ಮ ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ, ಅಲ್ಲಿ ಆಸ್ತಿ ಇದ್ದ ಹೆಂಗಸರಿಗೆ 1921ರಲ್ಲೇ ಆ ಹಕ್ಕು ಸಿಕ್ಕಿತ್ತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ, ಸ್ವಲ್ಪದರಲ್ಲಿ ಸೋತರು. ಸೀರೆ ಉಟ್ಟವರು ಚುನಾವಣೆಗೆ ನಿಂತಿದ್ದರು, ಗಿಡ್ಡ ಲಂಗದವರಿಗೆ ಓಟೇ ಇರಲಿಲ್ಲ. ಹಾಗಾಗಿ ಉಡುಪು ನೋಡಿ ಬಿಡುಗಡೆ ಅಳೆಯಬೇಡಿ. ನಾನು ಕೇಳುವುದು ಬೇರೆ ಪ್ರಶ್ನೆ: ಕತ್ತರಿ ಯಾರ ಕೈಯಲ್ಲಿತ್ತು?

ಇದೇ ಇಪ್ಪತ್ತರ ದಶಕದಲ್ಲಿ ನಮ್ಮ ಅಗ್ರಹಾರಗಳಲ್ಲೂ ಗಂಡ ಸತ್ತ ಹೆಂಗಸರ ಕೂದಲು ತೆಗೆಸುತ್ತಿದ್ದರಲ್ಲ. ಕೆಂಪು ಸೀರೆಯ ಮಡಿ ಹೆಂಗಸರನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲೇ ಇದ್ದೀರಿ. ಅಲ್ಲಿ ಕೂದಲು ಹೋದರೆ ಹೆಣ್ತನ ಮುಗಿಯಿತು ಅಂತ ಅರ್ಥ, ಆ ಅರ್ಥ ಕಟ್ಟಿದವರು ಬೇರೆಯವರು. ಪ್ಯಾರಿಸ್ಸಿನವಳು ತಾನೇ ಹೋಗಿ ಕುರ್ಚಿಯಲ್ಲಿ ಕೂತಳು. ಅವರಪ್ಪನಿಗೆ ಸಿಟ್ಟು ಬಂದದ್ದು ಅದಕ್ಕೇ.

ಈಗ ವಯೋಲೆಟ್ ಮೋರಿಸ್ ಕಥೆ. ಇದನ್ನು ಹೇಳದೆ ನಾನು ವೇದಿಕೆ ಇಳಿಯುವವನಲ್ಲ. ಗುಂಡೆಸೆತ, ಫುಟ್‌ಬಾಲ್, ಕಾರ್ ರೇಸು ಎಲ್ಲದರಲ್ಲೂ ಎತ್ತಿದ ಕೈ. ಯುದ್ಧದಲ್ಲಿ ಆಂಬುಲೆನ್ಸ್ ಓಡಿಸಿದ್ದಳು. 1927ರಲ್ಲಿ ಬೋಲ್ ದೋರ್ ಅನ್ನುವ ಕಾರ್ ರೇಸಿನಲ್ಲಿ ಗಂಡಸರನ್ನು ಹಿಂದೆ ಹಾಕಿ ಗೆದ್ದಳು. ಗಿಡ್ಡ ಕ್ರಾಪು, ಸೂಟು, ಟೈ, ಬಾಯಲ್ಲಿ ಸಿಗರೇಟು. 1928ರಲ್ಲಿ ಮಹಿಳಾ ಕ್ರೀಡಾ ಫೆಡರೇಷನ್ ಕ್ರೀಡೆಯಲ್ಲಿ ಸ್ಪರ್ಧಿಸುವ ಅವಳ ಲೈಸೆನ್ಸ್ ನವೀಕರಿಸಲಿಲ್ಲ. ಅವಳು ಕೋರ್ಟಿಗೆ ಹೋದಳು. 1930ರಲ್ಲಿ ವಿಚಾರಣೆ. ಫೆಡರೇಷನ್ ಪರ ವಾದಿಸಿದವರೂ ಮಹಿಳಾ ವಕೀಲರೇ! ವಾದಕ್ಕೆ ಎಳೆದು ತಂದದ್ದು 1800ನೇ ಇಸವಿಯ ಪೊಲೀಸ್ ಆಜ್ಞೆಯನ್ನು: ಪ್ಯಾರಿಸ್ಸಿನಲ್ಲಿ ಹೆಂಗಸು ಗಂಡಸಿನ ಉಡುಪು ತೊಡಬೇಕಾದರೆ ಪೊಲೀಸರ ಪರವಾನಗಿ ಬೇಕು. ಮುಂದೆ ಅದಕ್ಕೊಂದು ರಿಯಾಯಿತಿ ಕೊಟ್ಟಿದ್ದರು. ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲೋ ಕುದುರೆಯ ಲಗಾಮೋ ಇದ್ದರೆ ಪ್ಯಾಂಟು ಹಾಕಬಹುದು. ಸೈಕಲ್ ಗೋಡೆಗೆ ಒರಗಿಸಿ ಕಾಫಿಗೆ ಹೋದರೆ ಕಾನೂನು ಮುರಿದಂತೆ! ಊರಿನಲ್ಲಿ ಅವಳು ಏನು ಉಡುತ್ತಾಳೆಂಬುದು ನಮಗೆ ಸಂಬಂಧವಿಲ್ಲ, ಆದರೆ ಪ್ಯಾಂಟು ಹೆಂಗಸರಿಗೆ ವಾಡಿಕೆಯಲ್ಲ, ಹಾಗಾಗಿ ಫೆಡರೇಷನ್ ಬೇಡ ಅಂದದ್ದು ಸರಿ ಅಂತ ಕೋರ್ಟು ಹೇಳಿತು. ಅವಳು ಸೋತಳು. ಆ ಆಜ್ಞೆ ಸತ್ತಿದೆ ಅಂತ ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ. ಮುಂದೆ ಅವಳು ನಾಜಿಗಳ ಜೊತೆ ಸೇರಿದಳು, 1944ರಲ್ಲಿ ಪ್ರತಿರೋಧ ಪಡೆಯವರ ಗುಂಡಿಗೆ ಸತ್ತಳು. ಅವಳನ್ನು ದೇವಿ ಮಾಡಿ ಕೂರಿಸುವ ಆಸೆ ಇದ್ದವರು ಇದನ್ನೂ ನುಂಗಿಕೊಳ್ಳಬೇಕು.

ಅಧ್ಯಕ್ಷರಿಂದ ಚೀಟಿ ಬಂತು, ಐದು ನಿಮಿಷ ಅಂತೆ. ಬರ್ಲಿನ್ ಬಗ್ಗೆ, ಗಂಡಸರ ಟಕ್ಸೀಡೊ ಸೂಟು ತೊಟ್ಟ ನಟಿ ಡೀಟ್ರಿಷ್‌ಳ ಬಗ್ಗೆ ಬರೆದುಕೊಂಡು ಬಂದದ್ದನ್ನು ಬಿಡುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಸೊಂಟ ಬಿಗಿಯುವ ಒಳಉಡುಪು ಕಾರ್ಸೆಟ್ ಹೋದ ಜಾಗಕ್ಕೆ ಎದೆ ಚಪ್ಪಟೆ ಮಾಡುವ ಪಟ್ಟಿ ಬಂತು, ಊಟ ಬಿಟ್ಟು ಸಣ್ಣಗಾಗುವ ಚಟ ಬಂತು. 1929ರಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಪಟೂ ಲಂಗ ಉದ್ದ ಮಾಡಿದ್ದೇ ತಡ, ಸೊಂಟವೂ ಮೊದಲಿನ ಜಾಗಕ್ಕೆ ವಾಪಸಾಯಿತು. ಫ್ಯಾಷನ್ ಕೊಟ್ಟದ್ದನ್ನು ಫ್ಯಾಷನ್ನೇ ಹಿಂದಕ್ಕೆ ಪಡೆಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತುರುಬು ಹಳೆಯ ಪಟ್ಟದಲ್ಲಿ ಮತ್ತೆ ಕೂರಲಿಲ್ಲ. ಗಂಡನಿಗೆ ವಿಧೇಯಳಾಗಿರಬೇಕು ಅನ್ನುವ ನೆಪೋಲಿಯನ್ ಕಾಲದ ಕಲಮು 1938ರಲ್ಲಿ ಬಿದ್ದುಹೋಯಿತು.

1944ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಹೆಂಗಸರಿಗೆ ಕೊನೆಗೂ ಮತದಾನದ ಹಕ್ಕು ಬಂತು. ಅದೇ ವರ್ಷ ಜರ್ಮನರು ಕಾಲ್ತೆಗೆದ ಊರೂರುಗಳಲ್ಲಿ, ಅವರ ಸಹವಾಸ ಮಾಡಿದಳು ಅಂತ ಆರೋಪ ಹೊತ್ತ ಹೆಂಗಸರನ್ನು ಚೌಕಕ್ಕೆ ಎಳೆತಂದು, ಜನರೆದುರು ತಲೆ ಬೋಳಿಸಿದರು. ಯುದ್ಧ ಮುಗಿಯುವ ಆ ವರ್ಷಗಳಲ್ಲಿ ಒಟ್ಟು ಸುಮಾರು 20,000 ಹೆಂಗಸರು. ಶತ್ರುವಿನ ಜೊತೆ ವ್ಯಾಪಾರ ಮಾಡಿ ಕೊಬ್ಬಿದ ಗಂಡಸರ ತಲೆಗೂದಲಿಗೆ ಸಾಮಾನ್ಯವಾಗಿ ಯಾರೂ ಕೈ ಹಾಕಲಿಲ್ಲ. ಬ್ಯೂಟಿ ಪಾರ್ಲರ್ ವಿಷಯ ಅಂದ ಮಿತ್ರರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು. ಮೈಕು ಆ ಕಡೆ ಕೊಡಿ.