ಸಿಟಿಸಿ ನೋಡಿ ಹೊರಡುವ ಮುನ್ನ

ನಮಸ್ಕಾರ. ಆಫರ್ ಲೆಟರ್ ಹಿಡಿದು ಬೆಂಗಳೂರಿಗೆ ಹೊರಟಿರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಇವತ್ತಿನ ಮಾತು. ನಾನು ಹನ್ನೊಂದು ವರ್ಷದಿಂದ ಕಂಪನಿಗಳಲ್ಲಿ ಕೋಡ್ ಬರೆಯುತ್ತಿದ್ದೇನೆ.

ವರ್ಷಕ್ಕೆ 6 ಲಕ್ಷ ಅಂದ ಕೂಡಲೇ ತಿಂಗಳಿಗೆ 50,000 ಅಂತ ಲೆಕ್ಕ ಹಾಕಬೇಡಿ. ಅದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಸಿಕ್ಕರೆ ಸಿಕ್ಕೀತು ಅನ್ನುವ ವೇರಿಯಬಲ್ ಪೇ, ಸಾಮಾನ್ಯವಾಗಿ ಎಲ್ಲ ಅದರೊಳಗೇ ಸೇರಿರುತ್ತದೆ. ಮೊದಲ ಸಂಬಳದ ಮೆಸೇಜ್ ನೋಡಿ, ಎಲ್ಲೋ ತಪ್ಪಾಗಿದೆ ಅಂತ ನಾನು ಎಚ್‌ಆರ್ ಹತ್ತಿರ ಓಡಿದ್ದೆ. ಆದರೂ ತಿಂಗಳು ತಿಂಗಳು ತಪ್ಪದೆ ಬರುವ ದುಡ್ಡು ಸಣ್ಣ ಮಾತಲ್ಲ. ನಮ್ಮ ತೋಟದ ಸಾಲ ತೀರಿದ್ದು ಅದರಿಂದಲೇ.

ನನಗೆ ಅದಕ್ಕಿಂತ ದೊಡ್ಡ ಲಾಭ ಅನ್ನಿಸಿದ್ದು ಕೋಡ್ ರಿವ್ಯೂ, ಅಂದರೆ ನಾವು ಬರೆದ ಕೋಡನ್ನು ಇನ್ನೊಬ್ಬರು ಓದಿ ತಿದ್ದುವುದು. ನಾನು ಬರೆದ ಮೊದಲ ನಲವತ್ತು ಸಾಲಿಗೆ ಸೀನಿಯರ್ ಒಬ್ಬರು ಹದಿನೇಳು ಕಾಮೆಂಟ್ ಹಾಕಿದ್ದರು. ‘ಈ ಫೈಲ್ ಸಿಗದಿದ್ದರೆ ಏನಾಗುತ್ತೆ?’ ‘ಈ ಹೆಸರು ಆರು ತಿಂಗಳು ಬಿಟ್ಟು ನೋಡಿದರೆ ನಿಮಗೇ ಅರ್ಥ ಆಗುತ್ತಾ?’ ಅವತ್ತು ಕೋಪ ಬಂದಿತ್ತು. ಆದರೆ ಮನೆಯಲ್ಲಿ ಒಬ್ಬನೇ ಕೂತು ವರ್ಷಗಟ್ಟಲೆ ಬರೆದಿದ್ದರೂ ಆ ಪ್ರಶ್ನೆಗಳು ನನಗೆ ಹೊಳೆಯುತ್ತಿರಲಿಲ್ಲ.

ಇನ್ನು ಕಷ್ಟ. ನಮ್ಮ ಹೊತ್ತು ನಮ್ಮ ಕೈಯಲ್ಲಿ ಇರುವುದಿಲ್ಲ. ನ್ಯೂಯಾರ್ಕ್‌ನ ಕ್ಲೈಂಟ್ ಅವರ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟರೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟರೆ ಅದೇ ಮೀಟಿಂಗ್ ಎಂಟೂವರೆಗೆ ಬರುತ್ತದೆ, ಮನೆಯವರೆಲ್ಲ ಊಟಕ್ಕೆ ಕೂರುವ ಹೊತ್ತಿಗೆ. ಆನ್‌ಕಾಲ್ ವಾರ, ಅಂದರೆ ಸಿಸ್ಟಂ ಕೆಟ್ಟರೆ ಯಾವ ಹೊತ್ತಲ್ಲಾದರೂ ಎದ್ದು ನೋಡಬೇಕಾದ ಪಾಳಿ ಬಂತೆಂದರೆ ನಿದ್ದೆಯೂ ನಮ್ಮದಲ್ಲ. ರಾತ್ರಿ ಎರಡಕ್ಕೆ ಫೋನ್ ಬಡಿದುಕೊಂಡಾಗ, ಮಗಳಿಗೆ ಎಚ್ಚರವಾಗಬಾರದು ಅಂತ ಅಡುಗೆಮನೆಗೆ ಹೋಗಿ, ಗ್ಯಾಸ್ ಒಲೆ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು, ಏನು ಕೆಟ್ಟಿದೆ ಅಂತ ನಿಂತೇ ಲಾಗ್ (ಸಿಸ್ಟಂ ತಾನೇ ಬರೆದಿಡುವ ದಾಖಲೆ) ಓದಿದ ರಾತ್ರಿಗಳು ಎಷ್ಟೋ. ನಾನಿದ್ದ ಕಡೆ ಆ ಗಂಟೆಗಳನ್ನು ಯಾರೂ ಲೆಕ್ಕ ಇಡಲಿಲ್ಲ. 2024ರಲ್ಲಿ ಕರ್ನಾಟಕದ ಐಟಿಯವರಿಗೆ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆವರೆಗೆ ಕೆಲಸ ಅನ್ನುವ ಪ್ರಸ್ತಾವ ಬಂತಲ್ಲ, ಆಗ ನೌಕರರ ಸಂಘ ಬೀದಿಗಿಳಿದದ್ದು ನ್ಯಾಯವೇ. ಈಗಲೇ ದಿನ ಸಾಲುತ್ತಿಲ್ಲ, ಅಲ್ವಾ?

ಇನ್ನೂ ಇಂಟರ್‌ವ್ಯೂ ಕೊಡುತ್ತಿರುವವರಿಗೆ ಒಂದು ಮಾತು. ಇಂಟರ್‌ವ್ಯೂ ಮುಗಿಯುವಾಗ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ?’ ಅಂತ ಕೇಳುತ್ತಾರೆ. ಸುಮ್ನೆ ಇಲ್ಲ ಅಂದು ಎದ್ದು ಬರಬೇಡಿ. ಹೊಸಬರ ಕೋಡ್ ಯಾರು ನೋಡುತ್ತಾರೆ, ಆನ್‌ಕಾಲ್ ಎಷ್ಟು ವಾರಕ್ಕೊಮ್ಮೆ, ಕೆಲಸ ಬಿಡುತ್ತೇನೆ ಅಂದ ಮೇಲೂ ದುಡಿಯಬೇಕಾದ ನೋಟಿಸ್ ಪೀರಿಯಡ್ ಎಷ್ಟು ದಿನ ಅಂತ ಕೇಳಿ. 90 ದಿನ ಅಂದರೆ ಒಂದು ನಿಮಿಷ ಯೋಚಿಸಿ. ಮುಂದೆ ಕರೆಯುವ ಕಂಪನಿಗೆ ಎಷ್ಟೋ ಸಲ ನೀವು ಬೇಕಾಗಿರುವುದು ತಿಂಗಳೊಳಗೆ.

ನಮಸ್ಕಾರ.